ಹಳೆಯ ಲ್ಯಾಂಡ್‌ಲೈನ್ ಫೋನು ಸ್ಮಾರ್ಟ್ ಮನೆಗೆ ಸೇರಿಸಿದ ಮೇಲೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಡಯಲ್ ಫೋನುಗಳು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಒಳಗಿರುವುದು ಒಂದು ಗಂಟೆ, ಒಂದು ಕೆಪಾಸಿಟರ್, ಒಂದು ಪುಟ್ಟ ಸುರುಳಿ, ನಾಲ್ಕಾರು ಲೋಹದ ಎಲೆಗಳು. ಇಪ್ಪತ್ತು ವರ್ಷ ಧೂಳು ತಿಂದ ಮೇಲೂ ಇವುಗಳಿಗೆ ಮತ್ತೆ ಜೀವ ಬರುತ್ತದೆ. ಎಕ್ಸ್‌ಚೇಂಜ್ ಕೊಡುತ್ತಿದ್ದ ವಿದ್ಯುತ್ತು ಮತ್ತು ಸಂಕೇತಗಳನ್ನು ಈಗ ಒಂದು ಸಣ್ಣ ಅಡಾಪ್ಟರ್ ಕೊಡಬೇಕು, ಅಷ್ಟೆ. ಫೋನಿನಿಂದ ಅಡಾಪ್ಟರ್, ಅಲ್ಲಿಂದ ರೌಟರ್, ರೌಟರಿನಿಂದ ಹೋಮ್ ಅಸಿಸ್ಟೆಂಟ್ (ಫೋನಿನಲ್ಲಿ ಹೇಳಿದಂತೆ ಮನೆಯ ದೀಪ ಮುಂತಾದವನ್ನು ನಡೆಸುವ ತಂತ್ರಾಂಶ) ಓಡುವ ಪುಟ್ಟ ಕಂಪ್ಯೂಟರ್: ಈ ಕೈಪಿಡಿ ಈ ಜೋಡಣೆಯನ್ನು ಇಟ್ಟುಕೊಂಡು ಬರೆದದ್ದು. ಉದಾಹರಣೆ ಬೇಕಾದಲ್ಲಿ ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801 ಅಡಾಪ್ಟರನ್ನು ತೆಗೆದುಕೊಂಡಿದ್ದೇವೆ. ಫೈಬರ್ ಸಂಪರ್ಕದ ಡಬ್ಬಿಯ ಹಿಂದಿರುವ ಫೋನ್ ಕಿಂಡಿಗೆ ನೇರವಾಗಿ ಸೇರಿಸಿದವರಿಗೂ ಅರ್ಧಕ್ಕಿಂತ ಹೆಚ್ಚು ಪರೀಕ್ಷೆಗಳು ಹಾಗೇ ಹೊಂದುತ್ತವೆ.

ಬೇಕಾದ ಸಲಕರಣೆ ಕಡಿಮೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಚೆನ್ನಾಗಿದೆ ಎಂದು ಗೊತ್ತಿರುವ ಒಂದು ಬಟನ್ ಫೋನು, ಎರಡು ಅಡಿಯ ಹೊಸ ಆರ್‌ಜೆ-11 (ಫೋನಿನ ಸಣ್ಣ ಪ್ಲಗ್ಗಿನ) ವೈರು, ಸಣ್ಣ ಸ್ಕ್ರೂಡ್ರೈವರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತವೆ. ಬಟನ್ ಫೋನನ್ನು ಮಾತ್ರ ಬಿಡಬೇಡಿ. ದೋಷ ಫೋನಿನದೋ ಅಡಾಪ್ಟರಿನದೋ ಎಂದು ಒಂದೇ ನಿಮಿಷದಲ್ಲಿ ಹೇಳುವುದು ಅದೇ.

ಯಾವುದಕ್ಕೂ ಮೊದಲು: ಒಂದು ಜೋಡಿ ತಂತಿಗೆ ಒಂದೇ ಕಡೆಯಿಂದ ವಿದ್ಯುತ್ತು

ಅಡಾಪ್ಟರುಗಳು ಸುಟ್ಟುಹೋಗುವುದಕ್ಕೆ ದೊಡ್ಡ ಕಾರಣ ಇದೊಂದೇ. ಅಡಾಪ್ಟರಿನ ಫೋನ್ ಕಿಂಡಿಗೆ ಎಫ್‌ಎಕ್ಸ್‌ಎಸ್ ಎನ್ನುತ್ತಾರೆ. ಫೋನಿಗೆ ಸುಮಾರು 48 ವೋಲ್ಟ್ ಡಿಸಿ ಕೊಡುವುದೂ ಗಂಟೆ ಬಾರಿಸುವ ಎಸಿ ಕೊಡುವುದೂ ಅದೇ. ಗೋಡೆಯ ಹಳೆಯ ಟೆಲಿಫೋನ್ ಸಾಕೆಟ್ಟಿನಲ್ಲೂ ಎಕ್ಸ್‌ಚೇಂಜಿನಿಂದ ಬಂದ 48 ವೋಲ್ಟ್ ಇರಬಹುದು. ಎರಡನ್ನೂ ಒಂದೇ ಜೋಡಿಗೆ ಕೂಡಿಸಿದರೆ ಒಂದರ ಮೇಲೊಂದು ತಳ್ಳುತ್ತವೆ. ಆ ಕ್ಷಣಕ್ಕೆ ಏನೂ ಆಗದಿದ್ದರೂ, ಎಕ್ಸ್‌ಚೇಂಜಿನಿಂದ ಮೊದಲ ರಿಂಗ್ ಬಂದ ಹೊತ್ತಿಗೆ ಅಡಾಪ್ಟರಿನ ಚಿಪ್ ಹೋಗುತ್ತದೆ. ನಮ್ಮ ಲೈನುಗಳಲ್ಲಿ ರಿಂಗ್ ಎಂದರೆ ಸುಮಾರು 75 ವೋಲ್ಟ್ ಎಸಿ, 25 ಹರ್ಟ್ಸ್. ಅದು 48 ವೋಲ್ಟಿನ ಮೇಲೆ ಕೂತು ಬರುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಬಲೆ ಇದೆ. ಹಾಲಿನ ಗೋಡೆಯಲ್ಲಿರುವ ಆರ್‌ಜೆ-11 ಸಾಕೆಟ್ಟು ಎಷ್ಟೋ ಕಡೆ ಟೆಲಿಫೋನಿನದಲ್ಲ, ಗೇಟಿನ ಸೆಕ್ಯೂರಿಟಿಗೆ ಹೋಗುವ ಇಂಟರ್‌ಕಾಮಿನದು. ಕೆಳಗಿನ ಕೋಣೆಯಲ್ಲಿರುವ ಇಂಟರ್‌ಕಾಮ್ ಪೆಟ್ಟಿಗೆಯೂ ತನ್ನದೇ ವಿದ್ಯುತ್ತು ಕೊಡುತ್ತಿರುತ್ತದೆ. ನೋಡಲು ಎರಡೂ ಒಂದೇ ಸಾಕೆಟ್ಟು. ಹಾಗಾಗಿ ಅಳೆಯದೆ ಯಾವ ಸಾಕೆಟ್ಟಿಗೂ ಅಡಾಪ್ಟರ್ ಚುಚ್ಚಬೇಡಿ.

ಅಳೆಯುವ ಕ್ರಮ: ಮೊದಲು ಮೀಟರನ್ನು ಎಸಿ 750 ಅಥವಾ 600 ವೋಲ್ಟಿಗೆ ಇಟ್ಟು, ಪ್ರತಿ ತಂತಿಯನ್ನೂ ಮನೆಯ ಅರ್ಥಿಂಗ್ ಪಿನ್ನಿಗೆ ಹೋಲಿಸಿ ನೋಡಿ. ಹಳೆಯ ತಾಮ್ರದ ತಂತಿ ಕಂಬದಿಂದ ಮರಗಳ ನಡುವೆ ತೂಗುತ್ತಾ ಬಂದಿರುತ್ತದೆ. ಸಂಪರ್ಕ ಸರೆಂಡರ್ ಮಾಡಿ ವರ್ಷಗಳಾದರೂ ತಂತಿ ಅಲ್ಲೇ ನೇತಾಡುತ್ತಿರುತ್ತದೆ, ಕೆಲವೊಮ್ಮೆ ವಿದ್ಯುತ್ ತಂತಿಗೆ ತಗುಲಿರುತ್ತದೆ. ತೇಲುವ ತಂತಿಯಲ್ಲಿ ಮೀಟರ್ ಹತ್ತಿಪ್ಪತ್ತು ವೋಲ್ಟಿನ ಸುಳ್ಳು ಓದು ತೋರಿಸಬಹುದು. ಅದಕ್ಕೆ ಗಾಬರಿ ಬೇಡ. ನೂರರ ಆಸುಪಾಸು ಅಥವಾ ಹೆಚ್ಚು ತೋರಿಸಿದರೆ ಕೈ ಹಿಂದೆಗೆದುಕೊಳ್ಳಿ, ಸಾಕೆಟ್ಟು ಮುಚ್ಚಿ, ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಅದು ನಿಮ್ಮ ಕೆಲಸವಲ್ಲ, ಮನೆಗೆ ಬರುವ ಎಲೆಕ್ಟ್ರೀಶಿಯನ್ನಿನ ಕೆಲಸವೂ ಅಲ್ಲ.

ಎಸಿ ಇಲ್ಲ ಎಂದಾದ ಮೇಲೆ ಮೀಟರನ್ನು ಡಿಸಿ 200 ವೋಲ್ಟಿಗೆ ಇಟ್ಟು ಎರಡು ತಂತಿಗಳ ನಡುವೆ ನೋಡಿ. 20ರಿಂದ 50 ವೋಲ್ಟ್ ಬಂದರೆ ಆ ಜೋಡಿಗೆ ಆಗಲೇ ಒಬ್ಬ ಯಜಮಾನ ಇದ್ದಾನೆ. ಸೊನ್ನೆ ಬಂದರೆ ಸತ್ತ ಲೈನು. ಸತ್ತ ಲೈನಾದರೂ ಮನೆಯೊಳಗಿನ ವೈರನ್ನು ಬಳಸಬೇಕೆಂದಿದ್ದರೆ, ಹೊರಗಿನಿಂದ ಬಂದ ತಂತಿಯನ್ನು ಮೊದಲ ಜಂಕ್ಷನ್ ಡಬ್ಬಿಯಲ್ಲೇ ಬಿಚ್ಚಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪು ಸುತ್ತಿ ಮಡಚಿಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಆ ತಂತಿಯ ಮೂಲಕ ಬರುವ ಸಿಡಿಲಿನ ಅಲೆ ಅಡಾಪ್ಟರನ್ನಷ್ಟೇ ಅಲ್ಲ, ಅದರ ಹಿಂದಿರುವ ರೌಟರ್, ಟಿವಿ ಎಲ್ಲವನ್ನೂ ತೆಗೆದುಕೊಂಡು ಹೋಗುತ್ತದೆ. ಸಾಧ್ಯವಾದರೆ ಗೋಡೆಯ ವೈರಿನ ಸಹವಾಸವೇ ಬೇಡ. ಅಡಾಪ್ಟರನ್ನು ಫೋನಿನ ಪಕ್ಕದಲ್ಲೇ ಇಟ್ಟು, ಎರಡು ಅಡಿಯ ವೈರಿನಲ್ಲಿ ಮುಗಿಸಿ.

ರಿಸೀವರ್ ಎತ್ತಿದರೆ ಸದ್ದೇ ಇಲ್ಲ

ಖರ್ಚಿಲ್ಲದ ಪರೀಕ್ಷೆ: ಬಟನ್ ಫೋನನ್ನು ಅದೇ ಕಿಂಡಿಗೆ ಹಾಕಿ. ಡಯಲ್ ಟೋನ್ ಬಂದರೆ ಅಡಾಪ್ಟರ್ ಸರಿ ಇದೆ, ದೋಷ ಹಳೆಯ ಫೋನಿನಲ್ಲೋ ಅದರ ವೈರಿನಲ್ಲೋ ಇದೆ. ಬಾರದಿದ್ದರೆ ಫೋನನ್ನು ಬಿಚ್ಚುವುದು ದಂಡ. ಅಡಾಪ್ಟರಿನ ಕಡೆ ನೋಡಿ. ದೀಪ ಹತ್ತಿದೆಯೇ? ನೆಟ್‌ವರ್ಕ್ ವೈರನ್ನು ಫೋನ್ ಕಿಂಡಿಗೂ ಫೋನ್ ವೈರನ್ನು ನೆಟ್‌ವರ್ಕ್ ಕಿಂಡಿಗೂ ಹಾಕಿಲ್ಲವಷ್ಟೆ? ಆರ್‌ಜೆ-11 ಪ್ಲಗ್ಗು ಸಣ್ಣದು. ಅಗಲವಾದ ಆರ್‌ಜೆ-45 ನೆಟ್‌ವರ್ಕ್ ಕಿಂಡಿಯೊಳಗೂ ನುಗ್ಗಿ ಕೂರುತ್ತದೆ, ಕೂತಾಗ ಅಂಚಿನ ಪಿನ್ನುಗಳನ್ನು ಬಗ್ಗಿಸಿಬಿಡುತ್ತದೆ. ಫೈಬರ್ ಡಬ್ಬಿಯ ಫೋನ್ ಕಿಂಡಿಯಾದರೆ, ಕಂಪನಿಯವರು ಧ್ವನಿ ಸೇವೆ ಚಾಲೂ ಮಾಡದಿದ್ದರೆ ಟೋನ್ ಬರುವುದೇ ಇಲ್ಲ. ಅದು ದೋಷವಲ್ಲ.

ಅಡಾಪ್ಟರ್ ಸರಿ ಇದ್ದರೆ ಫೋನಿಗೆ ಬನ್ನಿ. ಹಳೆಯ ಫೋನಿನ ವೈರಿನಲ್ಲಿ ಮೂರು ಅಥವಾ ನಾಲ್ಕು ಎಳೆಗಳಿರುತ್ತವೆ, ಲೈನಿಗೆ ಬೇಕಾದವು ಎರಡೇ. ಅವು ಆರ್‌ಜೆ-11 ಪ್ಲಗ್ಗಿನ ನಟ್ಟನಡುವಿನ ಎರಡು ಪಿನ್ನಿಗೆ ಬರಬೇಕು. ಹೊಸ ಪ್ಲಗ್ಗು ಕಟ್ಟುವಾಗ ಒಂದು ಪಿನ್ ಪಕ್ಕಕ್ಕೆ ಸರಿದರೆ ಫೋನು ಪೂರ್ತಿ ಸತ್ತಂತೆ ಕಾಣುತ್ತದೆ. ಎರಡು ಎಳೆಗಳು ಅದಲುಬದಲಾದರೆ ಡಯಲ್ ಫೋನಿಗೆ ಏನೂ ಆಗುವುದಿಲ್ಲ. ಕೆಲವು ಹಳೆಯ ಬಟನ್ ಫೋನುಗಳಲ್ಲಿ ಮಾತ್ರ ಟೋನ್ ಕೇಳಿಸಿದರೂ ಬಟನ್ ಕೆಲಸ ಮಾಡುವುದಿಲ್ಲ.

ಈಗ ಮೀಟರ್. ಅಡಾಪ್ಟರಿನಿಂದ ಬರುವ ಎರಡು ತಂತಿಗಳಿಗೆ ಡಿಸಿ ವೋಲ್ಟಿನಲ್ಲಿ ಮೀಟರ್ ಹಚ್ಚಿ, ರಿಸೀವರ್ ಕೆಳಗಿರುವಾಗ ಒಮ್ಮೆ, ಎತ್ತಿ ಒಮ್ಮೆ ನೋಡಿ. ಕೆಳಗಿದ್ದಾಗ 48ರ ಸುತ್ತಮುತ್ತ ಇದ್ದು, ಎತ್ತಿದ ತಕ್ಷಣ 6ರಿಂದ 12ಕ್ಕೆ ಇಳಿದರೆ ಫೋನು ಲೈನನ್ನು ಹಿಡಿದಿದೆ. ಆಗಲೂ ಸದ್ದಿಲ್ಲದಿದ್ದರೆ ರಿಸೀವರಿನ ವೈರು ಅಥವಾ ಕಿವಿಯ ಬಿಲ್ಲೆ ಕೆಟ್ಟಿದೆ. ಎತ್ತಿದರೂ 48 ಹಾಗೇ ನಿಂತರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. ಹೆಚ್ಚಾಗಿ ರಿಸೀವರ್ ಕೂರುವ ಕೊಕ್ಕೆಯ ಕೆಳಗಿನ ಸಂಪರ್ಕದ ಎಲೆಗಳಲ್ಲಿ ಹಸಿರು ಪಾಚಿಯಂಥ ಕಿಲುಬು ಇರುತ್ತದೆ. ರಿಸೀವರ್ ಕೆಳಗಿದ್ದಾಗಲೇ 10 ವೋಲ್ಟಿನೊಳಗೆ ತೋರಿಸಿದರೆ ವೈರು ಶಾರ್ಟ್ ಆಗಿದೆ, ಅಥವಾ ಇನ್ನೊಂದು ಕೋಣೆಯ ಫೋನು ಎತ್ತಿಟ್ಟೇ ಇದೆ. ಮಕ್ಕಳಿರುವ ಮನೆಯಲ್ಲಿ ಎರಡನೆಯದನ್ನೇ ಮೊದಲು ನೋಡಿ.

ನಿಮಗೆ ಕೇಳಿಸುತ್ತದೆ, ಆದರೆ ನಿಮ್ಮ ಮಾತು ಅತ್ತ ಮುಟ್ಟುತ್ತಿಲ್ಲ ಎಂದಾದರೆ ಬಾಯಿಯ ಕಡೆಗೆ ಊದಿ. ಊದಿದ ಸದ್ದು ನಿಮ್ಮದೇ ಕಿವಿಯಲ್ಲಿ ಕೇಳಿಸಬೇಕು. ಕೇಳಿಸದಿದ್ದರೆ ಮೈಕಿನದೇ ತೊಂದರೆ. ಹಳೆಯ ಮೈಕಿನೊಳಗೆ ಕಾರ್ಬನ್ ಹರಳುಗಳಿರುತ್ತವೆ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಬಿದ್ದಿದ್ದರೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ರಿಸೀವರನ್ನು ಅಡ್ಡ ಹಿಡಿದು ಅಂಗೈಗೆ ನಾಲ್ಕೈದು ಸಲ ಮೆಲ್ಲಗೆ ಬಡಿದರೆ ಸಡಿಲವಾಗುತ್ತವೆ. ಬಡಿದ ಮೇಲೂ ಮಾತು ಮಂಕಾಗಿದ್ದರೆ ಮೈಕಿನ ಬಿಲ್ಲೆಯನ್ನೇ ಬದಲಿಸಬೇಕು. ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಯ ಹಳೆ ಸಾಮಾನಿನ ಸಂತೆಯಲ್ಲಿ ಕೆಟ್ಟ ಫೋನೊಂದು ಸಿಕ್ಕರೆ ಬಿಡಿಭಾಗಕ್ಕೆ ಅದು ಸಾಕು.

ಟೋನ್ ಇದೆ, ಡಯಲ್ ತಿರುಗಿಸಿದರೆ ನಂಬರ್ ಹೋಗುತ್ತಿಲ್ಲ. ಅಥವಾ ತಪ್ಪು ನಂಬರ್ ಹೋಗುತ್ತಿದೆ

ಬಟನ್ ಫೋನಾದರೆ ತಳಭಾಗದಲ್ಲಿ ಪಿ–ಟಿ (ಪಲ್ಸ್–ಟೋನ್) ಎಂಬ ಪುಟ್ಟ ಸ್ವಿಚ್ ಇದೆಯೇ ನೋಡಿ. ಅದನ್ನು ಟಿ ಕಡೆಗೆ ಸರಿಸಿ. ಅರ್ಧದಷ್ಟು ದೂರು ಇಲ್ಲೇ ಮುಗಿಯುತ್ತದೆ.

ಡಯಲ್ ಫೋನಿನ ವಿಷಯ ಬೇರೆ. ಡಯಲ್ಲಿನಲ್ಲಿ ನಂಬರ್ ಹೋಗುವುದು ಬೆರಳು ತಿರುಗಿಸುವಾಗಲ್ಲ, ಬೆರಳು ಬಿಟ್ಟ ಮೇಲೆ ಅದು ಹಿಂದಿರುಗುವಾಗ. ಹಿಂದಿರುಗುವ ದಾರಿಯಲ್ಲಿ ಒಂದು ಜೊತೆ ಎಲೆಗಳು ಲೈನನ್ನು ಕತ್ತರಿಸಿ ಕೂಡಿಸುತ್ತಾ ಹೋಗುತ್ತವೆ. 5ಕ್ಕೆ ಐದು ಸಲ, 0ಗೆ ಹತ್ತು ಸಲ, ಸೆಕೆಂಡಿಗೆ ಹತ್ತರಂತೆ. ಪ್ರತಿ ಮಿಡಿತದ 100 ಮಿಲಿಸೆಕೆಂಡಿನಲ್ಲಿ ಮೂರನೇ ಎರಡು ಪಾಲು ತೆರೆದಿರುತ್ತದೆ, ಒಂದು ಪಾಲು ಮುಚ್ಚಿರುತ್ತದೆ. ಅಡಾಪ್ಟರ್ ಎಣಿಸುವುದು ಈ ಕತ್ತರಿಕೆಗಳನ್ನೇ.

ಮೊದಲು ಅಡಾಪ್ಟರಿಗೆ ಈ ಮಿಡಿತಗಳ ಭಾಷೆ ಬರುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಅಡಾಪ್ಟರುಗಳಿಗೆ ಟೋನ್ ಮಾತ್ರ ತಿಳಿಯುತ್ತದೆ. ಎಚ್‌ಟಿ801ರಲ್ಲಿ ಪಲ್ಸ್ ಡಯಲಿಂಗ್ ಎಂಬ ಆಯ್ಕೆ ಇದೆ, ಅದನ್ನು ಆನ್ ಮಾಡಬೇಕು. ಇಲ್ಲದ ಅಡಾಪ್ಟರಾದರೆ ಮಿಡಿತವನ್ನು ಟೋನಿಗೆ ಬದಲಿಸುವ ಸಣ್ಣ ಪರಿವರ್ತಕವನ್ನು ನಡುವೆ ಹಾಕಬೇಕು.

ಆಯ್ಕೆ ಆನ್ ಇದ್ದೂ ತಪ್ಪುತ್ತಿದ್ದರೆ, ತಪ್ಪು ಯಾವ ಬಗೆಯದು ಎಂದು ನೋಡಿ. ಅಡಾಪ್ಟರಿನ ಕರೆ ದಾಖಲೆ ತೆರೆದು 2ರಿಂದ 0ವರೆಗೆ ಒಂದೊಂದೇ ಅಂಕಿ ತಿರುಗಿಸಿ, ಏನು ಬಂತು ಎಂದು ಬರೆದುಕೊಳ್ಳಿ.

ಎಲ್ಲ ಅಂಕಿಗಳೂ ಒಂದೊಂದು ಕಡಿಮೆ ಬಂದರೆ ಮಿಡಿತದ ಎಲೆಗಳಲ್ಲಿ ಕೊಳೆ ಇದೆ. ಬಿಳಿ ಕಾಗದದ ತೆಳು ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಮುಚ್ಚಿದ ಎಲೆಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಲ್ಲುವವರೆಗೆ ಹೊಸ ಪಟ್ಟಿ ಬಳಸಿ. ಮರಳು ಕಾಗದ ಮುಟ್ಟಿಸಬೇಡಿ. ಮೇಲಿನ ಒಳ್ಳೆಯ ಲೋಹದ ಪದರ ಹೋದರೆ ತಿಂಗಳೊಳಗೆ ಮತ್ತೆ ಕಿಲುಬು ಹಿಡಿಯುತ್ತದೆ.

9 ತಿರುಗಿಸಿದರೆ 4 ಮತ್ತು 5 ಎಂದು ಒಡೆದು ಬರುತ್ತಿದ್ದರೆ ಡಯಲ್ ನಡುವೆ ತಡವರಿಸುತ್ತಿದೆ. ತುಸು ಹೆಚ್ಚು ಬಿಡುವು ಸಿಕ್ಕ ಕೂಡಲೇ ಅಡಾಪ್ಟರ್ ಒಂದು ಅಂಕಿ ಮುಗಿಯಿತು ಎಂದುಕೊಳ್ಳುತ್ತದೆ. ಮೊಬೈಲಿನ ಧ್ವನಿಮುದ್ರಕ ಆನ್ ಮಾಡಿ 0 ತಿರುಗಿಸಿ ಬಿಡಿ. ಹಿಂದಿರುಗುವ ಕಿರ್ರ್ ಸದ್ದು ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯಬೇಕು, ಉದ್ದಕ್ಕೂ ಒಂದೇ ವೇಗದಲ್ಲಿರಬೇಕು. ಒಂದೂವರೆ ಸೆಕೆಂಡಿನ ಹತ್ತಿರ ಬಂದರೆ ಅಥವಾ ಕೊನೆಯಲ್ಲಿ ಸದ್ದು ಎಳೆದರೆ ವೇಗ ಕಾಯುವ ಪುಟ್ಟ ಚಕ್ರದ ಹಳೆಯ ಎಣ್ಣೆ ಗಟ್ಟಿಯಾಗಿದೆ. ಗಡಿಯಾರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದು ಆ ಚಕ್ರದ ಅಚ್ಚಿನ ಎರಡೂ ತುದಿಗೆ ಮುಟ್ಟಿಸಿ. ಒಂದು ಹನಿಯೂ ಜಾಸ್ತಿಯೇ. ಸ್ಪ್ರೇ ಎಣ್ಣೆ ಹೊಡೆದವರು ಮಿಡಿತದ ಎಲೆಗಳನ್ನೂ ತೋಯಿಸಿ ಎರಡು ದೋಷ ಮಾಡಿಕೊಳ್ಳುತ್ತಾರೆ.

ಡಯಲ್ ತಿರುಗುವಾಗ ಕಿವಿಯಲ್ಲಿ ಟಕಟಕ ಎಂದು ಜೋರಾಗಿ ಬಡಿದರೆ ಮತ್ತೊಂದು ಜೊತೆ ಎಲೆಗಳಲ್ಲಿ ಕೊಳೆ ಇದೆ. ಡಯಲ್ ಜಾಗ ಬಿಟ್ಟ ಕೂಡಲೇ ಕಿವಿಯನ್ನು ಮುಚ್ಚಿಡುವ ಕೆಲಸ ಅವುಗಳದು. ಅವನ್ನೂ ಅದೇ ಕಾಗದದಿಂದ ಒರೆಸಿ.

ಅಂಕಿ ತಿರುಗಿಸಿದಾಗ ಕರೆ ಹೋಲ್ಡಿಗೆ ಹೋದರೆ, ಅಥವಾ ಹೊಸ ಟೋನ್ ಬಂದರೆ, ಅಡಾಪ್ಟರ್ ಮಿಡಿತವನ್ನು ಫ್ಲ್ಯಾಶ್ (ಕೊಕ್ಕೆಯನ್ನು ಕ್ಷಣಕಾಲ ಒತ್ತಿ ಬಿಡುವ ಸಂಕೇತ) ಎಂದು ತಿಳಿಯುತ್ತಿದೆ. ಫ್ಲ್ಯಾಶಿನ ಕನಿಷ್ಠ ಅವಧಿಯನ್ನು 300 ಮಿಲಿಸೆಕೆಂಡಿಗೆ ಏರಿಸಿ. ಮಿಡಿತದ ಕತ್ತರಿಕೆ 66 ಮಿಲಿಸೆಕೆಂಡಿನ ಆಸುಪಾಸು ಇರುವುದರಿಂದ ಎರಡಕ್ಕೂ ಮತ್ತೆ ಗೊಂದಲವಾಗುವುದಿಲ್ಲ.

ನಂಬರ್ ಸರಿಯಾಗಿಯೇ ಹೋಗುತ್ತದೆ, ಆದರೆ ನಾಲ್ಕೈದು ಸೆಕೆಂಡು ಮೌನ ಎಂದರೆ ಅದು ದೋಷವಲ್ಲ. ಡಯಲ್ಲಿನಲ್ಲಿ ಹ್ಯಾಶ್ ಗುಂಡಿ ಇಲ್ಲದ ಕಾರಣ ನೀವು ಮುಗಿಸಿದಿರೋ ಇಲ್ಲವೋ ಎಂದು ಅಡಾಪ್ಟರ್ ಕಾಯುತ್ತದೆ. ಮನೆಯೊಳಗಿನ ಎಲ್ಲ ನಂಬರುಗಳನ್ನೂ ಎರಡೇ ಅಂಕಿಗೆ ಇಟ್ಟು, ಅಡಾಪ್ಟರಿನ ಡಯಲ್ ಪ್ಲಾನಿನಲ್ಲಿ (ಯಾವ ನಂಬರಿಗೆ ಎಷ್ಟು ಅಂಕಿ ಎಂದು ಹೇಳುವ ಸಾಲು) ಹಾಗೆಂದು ಬರೆದರೆ ಕಾಯುವಿಕೆ ಹೋಗುತ್ತದೆ. ಹೀಗೆ ನಂಬರ್ ಕೊಡುವಾಗ 1ರಿಂದ ಶುರುವಾಗುವುದನ್ನು ಬಿಟ್ಟುಬಿಡಿ. ರಿಸೀವರ್ ಎತ್ತುವಾಗ ಕೊಕ್ಕೆ ಒಮ್ಮೆ ಅದುರಿದರೂ ಅಡಾಪ್ಟರಿಗೆ ಅದು 1 ಎಂದೇ ಕಾಣುತ್ತದೆ. ಅಡುಗೆಮನೆಯ ದೀಪಕ್ಕೆ 22, ವರಾಂಡಕ್ಕೆ 33: ಬೆರಳಿಗೂ ಸುಲಭ, ತಪ್ಪೂ ಕಡಿಮೆ. ನಂಬರ್ ತಿರುಗಿಸಿ ಕೆಲಸ ಮಾಡಿಸುವುದಕ್ಕೆ ನಡುವೆ ಆಸ್ಟೆರಿಸ್ಕ್‌ನಂಥ ಒಂದು ಪುಟ್ಟ ವಿನಿಮಯ ತಂತ್ರಾಂಶ ಬೇಕು. ಮನೆಯೊಡನೆ ಬಾಯಲ್ಲಿ ಮಾತಾಡಿದರೆ ಸಾಕು ಎನ್ನುವವರಿಗೆ ಅದೂ ಬೇಡ, ಡಯಲ್ಲೂ ಬೇಡ. ಎತ್ತಿದ ಕೂಡಲೇ ತಾನೇ ಕರೆ ಹೋಗುವಂತೆ ಇಡಬಹುದು. ಡಯಲ್ ಪೂರ್ತಿ ಹಾಳಾದ ಫೋನಿಗೂ ಇದು ದಾರಿ.

ಫೈಬರ್ ಡಬ್ಬಿಯ ಫೋನಿನಿಂದ ಲ್ಯಾಂಡ್‌ಲೈನಿಗೆ ಹೋಗುತ್ತದೆ, ಮೊಬೈಲಿಗೆ ಹೋಗುವುದಿಲ್ಲ ಎಂದರೆ ನಂಬರಿನ ಮುಂದೆ 0 ಸೇರಿಸಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗಾದರೂ 0 ಕಡ್ಡಾಯ.

ಗಂಟೆ ಬಾರಿಸುತ್ತಿಲ್ಲ, ನರಳುತ್ತಿದೆ, ಅಥವಾ ಒಂದೇ ಸಲ ಬಾರಿಸಿ ನಿಲ್ಲುತ್ತಿದೆ

ಮೊಬೈಲಿನಲ್ಲಿ ಲಿನ್‌ಫೋನ್‌ನಂಥ ಇಂಟರ್‌ನೆಟ್ ಕರೆಯ ಆಪ್ ಹಾಕಿಕೊಂಡು ಮನೆಯ ವೈಫೈಯಿಂದಲೇ ಅಡಾಪ್ಟರಿಗೆ ಕರೆ ಮಾಡಿ ಪರೀಕ್ಷಿಸಿ. ಬಟನ್ ಫೋನು ರಿಂಗಾಗಿ ಹಳೆಯದು ಆಗದಿದ್ದರೆ ಗಂಟೆಗೆ ಸಾಕಷ್ಟು ಶಕ್ತಿ ಸಿಗುತ್ತಿಲ್ಲ. ಬಟನ್ ಫೋನಿನ ಬಜರಿಗೆ ಚಿಟಿಕೆ ವಿದ್ಯುತ್ತು ಸಾಕು. ನಿಜವಾದ ಗಂಟೆಗೆ ಸುತ್ತಿಗೆಯನ್ನು ಎತ್ತಿ ಬಡಿಯಬೇಕು. ಒಂದೇ ಕಿಂಡಿಗೆ ಎರಡು ಮೂರು ಫೋನು ಹಂಚಿದ್ದರೆ ಉಳಿದವನ್ನು ತೆಗೆಯಿರಿ. ರಿಂಗ್ ಫ್ರೀಕ್ವೆನ್ಸಿ ಬದಲಿಸುವ ಅವಕಾಶವಿದ್ದರೆ 20ರಿಂದ 25 ಹರ್ಟ್ಸಿಗೆ ಹಾಕಿ. ನಮ್ಮ ಗಂಟೆಗಳು ಆ ಲಯಕ್ಕೇ ಮಾಡಿದವು. ಆಮೇಲೂ ನರಳಿದರೆ ಗಂಟೆಯ ಬಟ್ಟಲಿನ ನಡುವಿನ ತಿರುಪು ಸಡಿಲಿಸಿ, ಬಟ್ಟಲನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ರಂಧ್ರ ನಡುವಿನಿಂದ ತುಸು ಸರಿದಿರುವುದರಿಂದ, ತಿರುಗಿಸಿದಂತೆ ಸುತ್ತಿಗೆಗೂ ಬಟ್ಟಲಿಗೂ ನಡುವಿನ ಅಂತರ ಬದಲಾಗುತ್ತದೆ. ಇದನ್ನು ಮಾಡುವಾಗ ಅಡಾಪ್ಟರಿನ ವೈರು ಕಿತ್ತಿರಲಿ. ರಿಂಗಿನ 75 ವೋಲ್ಟ್ ಜೀವ ತೆಗೆಯುವುದು ಅಪರೂಪ, ಆದರೆ ಒದ್ದೆ ಕೈಗೆ ತಗುಲಿದರೆ ಜೋರಾಗಿಯೇ ಹೊಡೆಯುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬಿಚ್ಚಿದ ಫೋನಿನ ಹತ್ತಿರ ಕೆಲಸ ಮಾಡುವುದೇ ಬೇಡ.

ಒಂದು ಸಲ ಬಾರಿಸಿ ಯಾರೂ ಎತ್ತದೆಯೇ ಕರೆ ತೆರೆದುಕೊಂಡರೆ ಗಂಟೆಯ ಜೊತೆಗಿರುವ ಕೆಪಾಸಿಟರ್ ಸೋರುತ್ತಿದೆ. ಅದರ ಕೆಲಸ ಎಸಿಯನ್ನು ಬಿಟ್ಟು ಡಿಸಿಯನ್ನು ತಡೆಯುವುದು. ಸೋರಿದರೆ ಯಾರೋ ರಿಸೀವರ್ ಎತ್ತಿದರು ಎಂದು ಅಡಾಪ್ಟರ್ ತಿಳಿಯುತ್ತದೆ. ಫೋನನ್ನು ಬೇರ್ಪಡಿಸಿ, ರಿಸೀವರ್ ಕೆಳಗಿಟ್ಟು, ಲೈನಿನ ಎರಡು ತುದಿಗಳ ನಡುವೆ ಓಮ್ ಅಳೆಯಿರಿ. ಮೀಟರ್ ಓದು ಕೊಡಲೇಬಾರದು. ಕೆಲವು ಸಾವಿರ ಓಮ್ ತೋರಿಸಿದರೆ ಕೆಪಾಸಿಟರ್ ಬದಲಿಸಿ: 2.2 ಮೈಕ್ರೊಫ್ಯಾರಡ್, ಕನಿಷ್ಠ 250 ವೋಲ್ಟಿನದು, ಪ್ಲಸ್–ಮೈನಸ್ ಇಲ್ಲದ ಫಿಲ್ಮ್ ಬಗೆಯದು. ಪ್ಲಸ್–ಮೈನಸ್ ಇರುವ ದುಂಡನೆಯ ಎಲೆಕ್ಟ್ರೊಲಿಟಿಕ್ ಹಾಕಬೇಡಿ, ಒಡೆದೀತು.

ಗಂಟೆ ಚೆನ್ನಾಗಿಯೇ ಬಾರಿಸುತ್ತದೆ, ಆದರೆ ಹಳೆಯ ಟ್ರಿಂಗ್‌-ಟ್ರಿಂಗ್ ಅಲ್ಲ, ಉದ್ದನೆಯ ಒಂದೇ ರಿಂಗು ಎನ್ನುವ ಬೇಸರ ಹಲವರಿಗೆ. ಲಯವನ್ನು 0.4 ಸೆಕೆಂಡು ರಿಂಗ್, 0.2 ಬಿಡುವು, ಮತ್ತೆ 0.4 ರಿಂಗ್, ಆಮೇಲೆ 2 ಸೆಕೆಂಡು ಬಿಡುವು ಎಂದು ಹಾಕಿ. ಡಯಲ್ ಟೋನನ್ನು 25 ಹರ್ಟ್ಸಿನಲ್ಲಿ ನಡುಗುವ 400 ಹರ್ಟ್ಸಿಗೆ ಇಡಿ. ಮನೆಯ ಹಿರಿಯರು ಕೇಳಿದ ಕೂಡಲೇ ಗುರುತು ಹಿಡಿಯುತ್ತಾರೆ. ಈ ಎರಡು ಸಾಲು ಬದಲಿಸುವ ಶ್ರಮ ವ್ಯರ್ಥವಲ್ಲ.

ಗುಂಯ್ ಎನ್ನುತ್ತದೆ, ಚರಚರ ಎನ್ನುತ್ತದೆ

ಒಂದೇ ಸಮನೆ ಗುಂಯ್ ಎಂದರೆ 230 ವೋಲ್ಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಫೋನ್ ವೈರು ಓಡಿದೆ. ಎರಡು ಅಡಿಯ ವೈರಿನಿಂದ ನೇರ ಸೇರಿಸಿದಾಗ ಗುಂಯ್ ಹೋದರೆ ಅದೇ ಕಾರಣ. ಒಂದೇ ಪೈಪಿನಲ್ಲಿ ಎರಡನ್ನೂ ಓಡಿಸುವುದು ಸದ್ದಿಗಷ್ಟೇ ಅಲ್ಲ, ಜೀವಕ್ಕೂ ಕೇಡು. ಇನ್ಸುಲೇಷನ್ ಸವೆದ ದಿನ ಫೋನಿನ ಲೋಹದ ಭಾಗಗಳಿಗೆ 230 ವೋಲ್ಟ್ ಬರುತ್ತದೆ. ಫೋನ್ ವೈರನ್ನು ಬೇರೆ ಪಟ್ಟಿಯಲ್ಲಿ ಎಳೆಸಿ. ನೇರ ಸೇರಿಸಿದಾಗಲೂ ಗುಂಯ್ ಇದ್ದರೆ ಅಡಾಪ್ಟರಿನ ಚಾರ್ಜರ್ ಬದಲಿಸಿ ನೋಡಿ.

ಮಳೆಗಾಲದಲ್ಲಿ ಮಾತ್ರ ಚರಚರ ಎಂದರೆ ಜೋಡಣೆಯೊಂದಕ್ಕೆ ತೇವ ಸೇರಿದೆ. ಎರಡೂ ತುದಿ ಬಿಚ್ಚಿಟ್ಟು ಜೋಡಿಯ ನಡುವೆ ಓಮ್ ಅಳೆದರೆ ಓದು ಬರಬಾರದು. ಲಕ್ಷ ಓಮಿಗಿಂತ ಕಡಿಮೆ ಬಂದರೆ ಆ ತುಂಡು ವೈರನ್ನೇ ಬದಲಿಸಿ. ತಿರುಚಿ ಟೇಪು ಸುತ್ತಿದ ಜೋಡಣೆಗಿಂತ ಜೆಲ್ ತುಂಬಿದ ಕನೆಕ್ಟರ್ ಎಷ್ಟೋ ಮೇಲು.

ಟೋನ್ ಇದೆ, ಮನೆ ಮಾತ್ರ ಉತ್ತರಿಸುತ್ತಿಲ್ಲ

ನಿನ್ನೆ ಸರಿಯಿತ್ತು, ಕರೆಂಟು ಹೋಗಿ ಬಂದ ಮೇಲೆ ಇಲ್ಲ ಎಂದರೆ ಹೋಮ್ ಅಸಿಸ್ಟೆಂಟಿನ ಐಪಿ ವಿಳಾಸ ಬದಲಾಗಿದೆ. ರೌಟರಿನಲ್ಲಿ ಅದಕ್ಕೂ ಅಡಾಪ್ಟರಿಗೂ ವಿಳಾಸ ಕಾಯ್ದಿರಿಸಿ. ಎಚ್‌ಟಿ801ರ ವಿಳಾಸ ತಿಳಿಯಲು ಬಟನ್ ಫೋನಿನಲ್ಲಿ * ಅನ್ನು ಮೂರು ಸಲ ಒತ್ತಿ, ಆಮೇಲೆ 02 ಒತ್ತಿದರೆ ಅದೇ ಓದಿ ಹೇಳುತ್ತದೆ. ಎತ್ತಿದ ಕೂಡಲೇ ಹೋಗಬೇಕಾದ ಕರೆಯ ಜಾಗದಲ್ಲಿ *47 ಹಾಕಿ, ಅದರ ಬೆನ್ನಿಗೇ ಹೋಮ್ ಅಸಿಸ್ಟೆಂಟಿನ ವಿಳಾಸವನ್ನು ಚುಕ್ಕೆಗಳ ಬದಲು ನಕ್ಷತ್ರ ಇಟ್ಟು ಬರೆಯಬೇಕು. 192.168.1.4 ಆದರೆ *47192*168*1*4. ನೋಂದಣಿ ಇಲ್ಲದೆ ಹೊರಕರೆ ಮಾಡಬಹುದು ಎಂಬ ಆಯ್ಕೆಯೂ ಆನ್ ಇರಲಿ.

ಮೊದಲ ಕರೆಯಲ್ಲಿ, ಫೋನು ಸೇರಿದೆ, ಆದರೆ ಇನ್ನೂ ಹೊಂದಿಸಿಲ್ಲ ಎಂಬ ಅರ್ಥದ ಇಂಗ್ಲಿಷ್ ಧ್ವನಿ ಕೇಳಿಸಿದರೆ ಖುಷಿಪಡಿ: ತಂತಿ, ಅಡಾಪ್ಟರ್, ನೆಟ್‌ವರ್ಕ್ ಮೂರೂ ಸರಿ ಇವೆ. ಹೋಮ್ ಅಸಿಸ್ಟೆಂಟಿನಲ್ಲಿ ಆ ಫೋನಿನ ಪುಟಕ್ಕೆ ಹೋಗಿ ಕರೆಗೆ ಅನುಮತಿ ಕೊಡುವುದಷ್ಟೇ ಬಾಕಿ.

ಒಂದು ಕಡೆಯ ಮಾತು ಮಾತ್ರ ಕೇಳಿಸಿದರೆ ರೌಟರಿನಲ್ಲಿ ಸಿಪ್ ಎಎಲ್‌ಜಿ (ಇಂಟರ್‌ನೆಟ್ ಕರೆಯ ಸಂದೇಶಗಳನ್ನು ನಡುವೆ ತಿದ್ದುವ ಸೌಲಭ್ಯ) ಎಂಬುದನ್ನು ಆಫ್ ಮಾಡಿ. ಅಡಾಪ್ಟರಿನ ಕೋಡೆಕ್ (ಧ್ವನಿಯನ್ನು ಡಿಜಿಟಲ್ ಆಗಿಸುವ ವಿಧಾನ) ಪಟ್ಟಿಯಲ್ಲಿ ಓಪಸ್ ಮೊದಲಿಗೆ ಇದೆಯೇ ನೋಡಿ. ಹೋಮ್ ಅಸಿಸ್ಟೆಂಟನ್ನು ಡಾಕರಿನಲ್ಲಿ ಓಡಿಸುತ್ತಿದ್ದರೆ ಅದು ಹೋಸ್ಟ್ ನೆಟ್‌ವರ್ಕಿನಲ್ಲಿರಬೇಕು. ಅತಿಥಿ ವೈಫೈಗೆ ಹಾಕಿದ ಸಲಕರಣೆಗಳು ಒಂದನ್ನೊಂದು ನೋಡಲಾರವು ಎಂಬುದೂ ನೆನಪಿರಲಿ.

ಮನೆಗೆ ಕೇಳಿಸುತ್ತದೆ, ಆದರೆ ತಪ್ಪು ತಿಳಿಯುತ್ತದೆ ಎಂದರೆ ಕಾರ್ಬನ್ ಮೈಕಿನ ಮಿತಿ ಅದು. ಚಿಕ್ಕ ಚಿಕ್ಕ ಮಾತು, ಒಂದಕ್ಕೊಂದು ಹೋಲದ ಹೆಸರು ಬಳಸಿ. ಗೀಸರ್, ಬಾಗಿಲ ಬೀಗ, ಗ್ಯಾಸಿನ ವಾಲ್ವುಗಳನ್ನು ಮಾತ್ರ ಈ ಫೋನಿಗೆ ಕೊಡಲೇಬೇಡಿ. ವರಾಂಡದ ಫೋನನ್ನು ಯಾರು ಬೇಕಾದರೂ ಎತ್ತಬಹುದು, ಅದಕ್ಕೆ ಯಾರ ಗುರುತೂ ತಿಳಿಯದು.

ನಡುರಾತ್ರಿ ರಿಂಗು, ಎತ್ತಿದರೆ ಯಾರೂ ಇಲ್ಲ

ಕರೆ ದಾಖಲೆಯಲ್ಲಿ 100, 1000, 1001 ಎಂಬಂಥ ನಂಬರುಗಳಿದ್ದರೆ ನಿಮ್ಮ ಅಡಾಪ್ಟರ್ ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿದೆ. ತೆರೆದ ಬಾಗಿಲು ಹುಡುಕುವ ಕಳ್ಳ ತಂತ್ರಾಂಶಗಳು ಹಗಲು ರಾತ್ರಿ ತಟ್ಟುತ್ತಿರುತ್ತವೆ. ರೌಟರಿನಲ್ಲಿ 5060 ಪೋರ್ಟನ್ನು (ಇಂಟರ್‌ನೆಟ್ ಕರೆಗಳು ಬರುವ ಬಾಗಿಲು) ಒಳಕ್ಕೆ ಬಿಟ್ಟಿದ್ದರೆ ಈಗಲೇ ಮುಚ್ಚಿ. ಅಡಾಪ್ಟರಿನ ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಹಳೆಯದೇ ಇದ್ದು ಪೋರ್ಟೂ ತೆರೆದಿತ್ತು ಎಂದಾದರೆ ಅಡಾಪ್ಟರನ್ನು ಫ್ಯಾಕ್ಟರಿ ಸ್ಥಿತಿಗೆ ತಂದು ಮೊದಲಿನಿಂದ ಹೊಂದಿಸುವುದೇ ಕ್ಷೇಮ. ಹೊರಗಿನಿಂದ ಮನೆಯ ಫೋನಿಗೆ ಕರೆ ಮಾಡಲೇಬೇಕಿದ್ದರೆ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಖಾಸಗಿ ದಾರಿ) ಮೂಲಕ ಬನ್ನಿ.

ಇಂಟರ್‌ನೆಟ್ ಕರೆಯನ್ನು ಮನೆಯ ಲ್ಯಾಂಡ್‌ಲೈನಿಗೆ ಹಾಯಿಸುವ ಆಸೆ ಕೆಲವರಿಗೆ ಬರುತ್ತದೆ. ಅದಕ್ಕೆಂದೇ ಎಕ್ಸ್‌ಚೇಂಜ್ ಕಿಂಡಿಯಿರುವ ಅಡಾಪ್ಟರುಗಳೂ ಇವೆ. ಪರವಾನಗಿ ಇಲ್ಲದೆ ಹೀಗೆ ಕರೆ ಹಾಯಿಸುವುದು ಕಾನೂನಿಗೆ ವಿರುದ್ಧ. ಈ ಜೋಡಣೆ ಮನೆಯೊಳಗೇ ಇರಲಿ.

ಸುಟ್ಟ ವಾಸನೆ, ಕೈ ಇಡಲಾಗದಷ್ಟು ಬಿಸಿ

ಪರೀಕ್ಷೆ ಇಲ್ಲಿಗೆ ನಿಲ್ಲಬೇಕು. ಚಾರ್ಜರನ್ನು ಗೋಡೆಯಿಂದ ಕಿತ್ತು, ಫೋನ್ ವೈರನ್ನೂ ನೆಟ್‌ವರ್ಕ್ ವೈರನ್ನೂ ತೆಗೆಯಿರಿ. ಗೋಡೆಯ ಸಾಕೆಟ್ಟನ್ನು ಮೇಲೆ ಹೇಳಿದಂತೆ ಎಸಿ, ಡಿಸಿ ಎರಡಕ್ಕೂ ಮತ್ತೆ ಅಳೆದು ನೋಡದೆ ಹೊಸ ಅಡಾಪ್ಟರ್ ಹಾಕಬೇಡಿ, ಅದೂ ಹೋಗುತ್ತದೆ. ಸಿಡಿಲು ಬಡಿದ ಮೇಲೆ ಕೆಟ್ಟಿದ್ದರೆ ಮನೆಯ ಅರ್ಥಿಂಗನ್ನು ಪರವಾನಗಿ ಇರುವ ಎಲೆಕ್ಟ್ರೀಶಿಯನ್ನಿನಿಂದ ಅಳೆಸಿ. ಲೈನಿನಲ್ಲಿ ವಿದ್ಯುತ್ತು ಇದ್ದರೆ ಟೆಲಿಫೋನ್ ಕಂಪನಿಯ ಲೈನ್‌ಮನ್ ಅಥವಾ ಅಪಾರ್ಟ್‌ಮೆಂಟಿನ ಇಂಟರ್‌ಕಾಮ್ ನೋಡಿಕೊಳ್ಳುವವರನ್ನು ಕರೆಯಿರಿ. ಆ ತಂತಿ ಅವರದು.

ಕರೆಂಟು ಹೋದರೆ ಫೋನೂ ಸಾಯುತ್ತದೆ

ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ವಿದ್ಯುತ್ತು ಬರುತ್ತಿತ್ತು. ಅದಕ್ಕೇ ಬೀದಿಯೆಲ್ಲ ಕತ್ತಲಾದರೂ ಫೋನ್ ಮಾತಾಡುತ್ತಿತ್ತು. ಫೈಬರಿನಲ್ಲಿ ಬೆಳಕು ಮಾತ್ರ ಬರುತ್ತದೆ. ಫೈಬರ್ ಡಬ್ಬಿ, ರೌಟರ್, ಅಡಾಪ್ಟರ್, ಹೋಮ್ ಅಸಿಸ್ಟೆಂಟ್ ನಾಲ್ಕಕ್ಕೂ ಬ್ಯಾಟರಿ ಬೆಂಬಲ ಇರಬೇಕು. ಒಂದು ಬಿಟ್ಟರೂ ಸರಪಳಿ ಕಡಿಯುತ್ತದೆ. ಮಿನಿ ಯುಪಿಎಸ್ ಕೊಳ್ಳುವಾಗ ಪ್ರತಿ ಚಾರ್ಜರಿನ ಮೇಲಿನ ವೋಲ್ಟ್ ಓದಿಕೊಂಡು ಹೋಗಿ. ರೌಟರುಗಳು ಹೆಚ್ಚಾಗಿ 12 ವೋಲ್ಟಿನವು, ಎಚ್‌ಟಿ801 ಮಾತ್ರ 5 ವೋಲ್ಟಿನದು. ಪಿನ್ ಹೊಂದಿತು ಎಂದು 12ನ್ನು 5ಕ್ಕೆ ಚುಚ್ಚಿದರೆ ಅಲ್ಲಿಗೆ ಅಡಾಪ್ಟರಿನ ಕಥೆ ಮುಗಿಯಿತು.

ಹೋಮ್ ಅಸಿಸ್ಟೆಂಟಿಗೆ ಮಾತ್ರ ಸೇರಿಸಿದ ಫೋನಿನಿಂದ ತುರ್ತು ಸಹಾಯದ 112ಕ್ಕೆ ಕರೆ ಹೋಗುವುದಿಲ್ಲ. ನೋಡಲು ಅದು ನಿಜವಾದ ಫೋನು, ಎತ್ತಿದರೆ ಟೋನೂ ಬರುತ್ತದೆ. ಗಾಬರಿಯಲ್ಲಿ ಅಜ್ಜಿಯೋ ಮನೆಗೆಲಸದವರೋ ಮೊದಲು ಕೈ ಹಾಕುವುದು ಅದಕ್ಕೇ. ಜೋಡಣೆ ಮುಗಿದ ದಿನವೇ ಒಂದು ಬಿಳಿ ಚೀಟಿಯ ಮೇಲೆ "ಇದರಿಂದ ಹೊರಗೆ ಕರೆ ಹೋಗುವುದಿಲ್ಲ, 112ಕ್ಕೆ ಮೊಬೈಲ್ ಬಳಸಿ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಡಯಲ್ಲಿನ ಕೆಳಗೆ, ಬೆರಳು ಹೋಗುವ ದಾರಿಯಲ್ಲೇ ಅಂಟಿಸಿ.